ನಿಮ್ಮಪ್ಪನ ಬಾಗಿಲಿಗೆ

ಎಸ್ತರ್ ಪುಟ್ಟಿ,

ಹಾಲು ಕಾಯಿಸಿಟ್ಟಿದ್ದೇನೆ. ಟೈಪಿಂಗ್ ಕ್ಲಾಸಿಗೆ ಹೊರಡುವಾಗ ಬೀಗದ ಕೈಯನ್ನು ಪಕ್ಕದ ಮನೆಯ ಪುಟ್ಟಲಿಂಗಮ್ಮನವರಿಗೆ ಕೊಡು.

ನಾನು ಮಂಡಿ ಮೊಹಲ್ಲಾಕ್ಕೆ, ನಿಮ್ಮಪ್ಪನ ರೂಮಿಗೆ ಹೊರಟಿದ್ದೇನೆ. ಕೋಪ ಮಾಡಿಕೊಳ್ಳಬೇಡ. ನಮ್ಮನ್ನು ಬಿಟ್ಟುಹೋದವರು ಈಗ ಹಾಸಿಗೆ ಹಿಡಿದಿದ್ದಾರೆ, ನೋಡಿಕೊಳ್ಳುವವರಿಲ್ಲ. "ಒಂದ್ಸಲ ಹೋಗಿ ನೋಡ್ಕೊಂಡ್ ಬನ್ನಿ ಕಣಮ್ಮ" ಎಂದು ಚರ್ಚಿನ ಅಯ್ಯನವರು ಹೇಳಿದಾಗಿನಿಂದ ನಾನು ಚರ್ಚಿನ ಕಡೆ ತಲೆಯೇ ಹಾಕಿಲ್ಲ. ಕಾಲುನೋವು ಎಂದು ನಿನಗೆ ಹೇಳಿದ್ದೆಲ್ಲ ನೆಪ.

ಬೆಳಗಿನ ಜಾವ ಒಂದು ಕನಸು ಬಿತ್ತು. ದೇವರು ಹೋಗೆಂದ ಊರಿಗೆ ಬೆನ್ನು ಹಾಕಿ ಓಡಿದ ಯೋನನಂತೆ, ಬಿರುಗಾಳಿಗೆ ತೂಗುವ ಹಡಗಿನ ತಳದಲ್ಲಿ ನಾನು ಮುಸುಕೆಳೆದು ಮಲಗಿದ್ದೆ. ನೀರು ಹಸಿರು ಹಸಿರಾಗಿ, ಬೆಚ್ಚಗೆ ಒಳಗೆ ಬರುತ್ತಿತ್ತು. ಯಾರೋ ಮೆಲ್ಲಗೆ ಭುಜ ಮುಟ್ಟಿ, "ಇನ್ನೂ ಎಷ್ಟೊತ್ತು ಮಲಗ್ತೀಯಮ್ಮ?" ಎಂದರು. ಆ ದನಿಯಲ್ಲಿ ಗದರಿಕೆಯೇ ಇರಲಿಲ್ಲ. ಎಚ್ಚರವಾದಾಗ ನನ್ನ ಕೆನ್ನೆ ಒದ್ದೆಯಾಗಿತ್ತು, ಭಯ ಹೋಗಿತ್ತು.

ನಿಮ್ಮಪ್ಪನನ್ನು ಕ್ಷಮಿಸಿದ್ದೇನೋ ಇಲ್ಲವೋ ತಿಳಿಯದು. ಇನ್ನು ಹೋಗದೆ ಇರಲಾರೆ ಎಂಬುದಷ್ಟೇ ಗೊತ್ತು.

ಅವರು ಬರುತ್ತೇನೆಂದರೆ ಆಟೋದಲ್ಲಿ ಕರೆದುಕೊಂಡು ಬರುತ್ತೇನೆ. ರಾತ್ರಿ ಅನ್ನಕ್ಕೆ ಒಂದು ಹಿಡಿ ಅಕ್ಕಿ ಹೆಚ್ಚಿಗೆ ಹಾಕು. ಮೆತ್ತಗೆ ಬೇಯಲಿ.

ಅಮ್ಮ