ಅರಗಿನ ಮುದ್ರೆಯ ಸೀಸೆ

೧೨ ಮಾರ್ಚ್ ೧೯೫೭, ಮಂಗಳವಾರ

ಇದನ್ನು ಮೊದಲು ಹೇಳಿದವಳು ಅತ್ತಿಗೆ ಸಾಕಮ್ಮ, ನಿನ್ನೆ ಸಂಜೆ ಜಗುಲಿಯಲ್ಲಿ. ರಾವಂದೂರಿನಲ್ಲಿ ಶಕ್ತಿಪುಡಿ ಮಾರುವ ಕೆಂಚಯ್ಯನ ಅಂಗಡಿಗೆ ಇನ್‌ಸ್ಪೆಕ್ಟರು ಬಂದು, ಪರೀಕ್ಷೆಗೆಂದು ಪುಡಿಯನ್ನು ಮೂರು ಸೀಸೆಗೆ ತುಂಬಿ ಅರಗಿನ ಮುದ್ರೆ ಒತ್ತಿದರಂತೆ. ಕಾನೂನಿನಂತೆ ಒಂದು ಸೀಸೆಯನ್ನು ಅವನಿಗೇ ಕೊಟ್ಟರು. ಆ ಕಳ್ಳ ಅದನ್ನೇ ಎತ್ತಿ ತೋರಿಸಿ, “ಸರ್ಕಾರವೇ ಒಪ್ಪಿ ಸೀಲ್ ಆಕ್ಕೊಟ್ಟದೆ ಕಣ್ರವ್ವಾ” ಎಂದು ಮಾರುತ್ತಿದ್ದಾನೆ! ಅತ್ತಿಗೆಯೂ ನಂಬಿ ತಂದಳು. ಅದನ್ನು ತಿಂದ ಅವಳ ಬಾಣಂತಿ ಮಗಳು ಎರಡು ದಿನದಿಂದ ವಾಂತಿ ಮಾಡಿಕೊಳ್ಳುತ್ತಿದ್ದಾಳೆ. ಪರೀಕ್ಷೆಯ ವರದಿಗೆ ಇನ್ನೂ ತಿಂಗಳುಗಟ್ಟಲೆ ಕಾಯಬೇಕಂತೆ. ಅಲ್ಲಿಯವರೆಗೆ ಯಾರ ಹೊಟ್ಟೆಯಲ್ಲಿ ಪರೀಕ್ಷೆ? ನನಗೆ ಮೈಯೆಲ್ಲ ಉರಿಯುತ್ತಿದೆ.

ಕೇಳಿದ ಹೆಂಗಸರು ಇಂದು ಬೆಳಿಗ್ಗೆ ಅವನ ಅಂಗಡಿಯ ಮುಂದೆ ನಿಂತರು. ನೆರೆಮನೆಯ ಚಾಮುಂಡಮ್ಮ ಒಂದು ಹಿಡಿ ಪುಡಿಯನ್ನು ಅವನ ಮುಖಕ್ಕೆ ಹಿಡಿದಳು.

“ಸೀಲು ಆಮ್ಯಾಕೆ ತೋರ್ಸೀಯಂತೆ. ಮೊದ್ಲು ನೀನು ತಿನ್ಲಾ!”

ಅವನು ಬಾಯಿ ತೆರೆಯಲಿಲ್ಲ. ಅವಳು ಕೈ ಇಳಿಸಲಿಲ್ಲ.