ಸಂಕದ ಸಾಲು ಯಾವ ಪುಟದಲ್ಲಿದೆ?

ಶರ್ಮಿತಾ,

ಇಷ್ಟು ದಿನ ಸುಮ್ಮನಿದ್ದು ಈಗ ಬರೆಯುತ್ತಿದ್ದೇನೆ, ಸಾರಿ. ನೀವೆಲ್ಲ ಸೀತೂರಿನ ಮನೆ ಬಿಟ್ಟು ಹೋದಿರಂತೆ, ನಿನ್ನ ನಂಬರಿಗೂ ಫೋನ್ ಹೋಗುತ್ತಿಲ್ಲ. ಇದನ್ನು ಎಲ್ಲಿಗೆ ಪೋಸ್ಟ್ ಮಾಡುವುದೋ ಗೊತ್ತಿಲ್ಲ.

ಕೊಪ್ಪದ ಕಾಲೇಜಿನಲ್ಲಿ ನಾವು ಫಸ್ಟ್ ಇಯರ್‌ನವರು ಆನ್‌ಲೈನ್ ನಿಘಂಟಿಗೆ ಪದ ಸೇರಿಸುತ್ತಿದ್ದೇವೆ. ಪ್ರತಿ ಪದಕ್ಕೂ ಅಚ್ಚಾದ ಪುಸ್ತಕದಿಂದ ಒಂದು ಸಾಲು, ಪುಟಸಂಖ್ಯೆ ಸಮೇತ ಬೇಕು. ಹಳ್ಳ ದಾಟಲು ಅಡ್ಡ ಹಾಕುವ ಮರದ ಕಾಲುಸೇತುವೆ, 'ಸಂಕ' ಅನ್ನುವ ಪದ ನನ್ನ ಪಾಲಿಗೆ ಬಂತು. ಶೃಂಗೇರಿ ಹಾಸ್ಟೆಲಿನಲ್ಲಿ ನೀನು ಹೇಳುತ್ತಿದ್ದ ಸಾಲನ್ನೇ ಹಾಕಿದೆ: 'ಸಂಕದ ಮೇಲೆ ನಿಂತರೆ ಎರಡು ದಡವೂ ನನ್ನದಲ್ಲ.' ಕೆಳಗೆ ನಿನ್ನ ಮೆಚ್ಚಿನ ಕವಿಯ ಹೆಸರು ಬರೆದು, ಪುಟ ಆಮೇಲೆ ಹುಡುಕೋಣ ಎಂದು ಬಿಟ್ಟಿದ್ದೆ.

ಇವತ್ತು ನಿಘಂಟಿನ ಕೆಲಸ ನೋಡಿಕೊಳ್ಳುವ ಲಕ್ಷ್ಮೀಶ ಸರ್ ಲೈಬ್ರರಿಗೆ ಕರೆಸಿದರು. "ಎಂತ ಮಾರಾಯ್ತಿ, ಅವರ ಸಮಗ್ರ ಕಾವ್ಯ ಪೂರ್ತಿ ನೋಡಿದೆ, ಈ ಸಾಲೇ ಇಲ್ಲ. ಕವಿ ನಿನ್ನ ಕನಸಲ್ಲಿ ಬಂದು ಹೇಳಿದ್ರಾ? ನಾಳೆ ಪುಟ ತೋರ್ಸು, ಇಲ್ದಿದ್ರೆ ತೆಗೆದುಹಾಕ್ತೀನಿ."

ನಾನೂ ಹುಡುಕಿದೆ. ಇಲ್ಲ. ಹುಡುಕುತ್ತಾ ಹಾಸ್ಟೆಲಿನ ಊಟದ ಹಾಲ್ ನೆನಪಾಯಿತು. ನೀನು ನಿನ್ನದೇ ಪದ್ಯ ಓದಿದಾಗ ಚೈತ್ರ, "ಕವಯಿತ್ರಿಗೆ ಇನ್ನೊಂದು ಸೌಟು ಸಾರು ಹಾಕ್ರೇ" ಅಂದಿದ್ದಳು. ಎಲ್ಲರೂ ನಕ್ಕರು. ನಾನು ನಿನ್ನ ಪಕ್ಕದಲ್ಲೇ ಕೂತಿದ್ದೆ. ಅದಾದ ಮೇಲೆ ಯಾವ ಸಾಲು ಹೇಳಿದರೂ ನೀನು ಅದು ಆ ಕವಿಯದು ಅನ್ನುತ್ತಿದ್ದೆ.

ಸರ್‌ಗೆ ಏನು ಹೇಳಲಿ? ಅಚ್ಚಾಗದ ಸಾಲು ನಿಘಂಟಿಗೆ ಬೇಡವಂತೆ. ಡಿಲೀಟ್ ಆದರೆ ಅದು ಇನ್ನೆಲ್ಲೂ ಇರುವುದಿಲ್ಲ. ಕವಿಯದಾದರೆ ಪುಟ ತಿಳಿಸು. ನಿನ್ನದಾದರೆ ನಿನ್ನದು ಅಂತಲೇ ಬರಿ. ಬೆಳಗಾಗುವುದರೊಳಗೆ, ಪ್ಲೀಸ್.