ಪಕ್ಕದ ಹೊಲದ ರಾಗಿ

೪ ಡಿಸೆಂಬರ್ ೧೯೭೧, ಶನಿವಾರ

ಬೆಳಗಿನ ಸ್ಕೂಲು. ಅರ್ಧಕ್ಕರ್ಧ ಮಕ್ಕಳಿಲ್ಲ. ಎಲ್ಲ ರಾಗಿ ಕೊಯ್ಲಿಗೆ. ಉಳಿದ ಊರೆಲ್ಲ ಪಂಚಾಯ್ತಿ ರೇಡಿಯೋ ಮುಂದೆ. ಯುದ್ಧ ಶುರುವಾಗಿದೆ.

ಈ ಊರಿನಿಂದ ಮಿಲಿಟರಿಗೆ ಹೋದವರು ಇಬ್ಬರೇ. ನಾನು ಬಾಡಿಗೆಗಿರುವ ಮನೆಯ ಏಕಾಂತಮ್ಮನ ಗಂಡ ಮಾರಣ್ಣ. ಇನ್ನೊಬ್ಬ, ಗಂಡನಿಲ್ಲದ ಬೋರಕ್ಕನ ಒಬ್ಬನೇ ಮಗ ದಾಸಣ್ಣ. ಹೊಲದ ಬದುವಿನ ಜಗಳ, ಎರಡು ಮನೆಗೂ ವರ್ಷಗಳಿಂದ ಮಾತಿಲ್ಲ. ಅಲ್ಲಿ ಗಡಿಯಲ್ಲಿ ಆ ಇಬ್ಬರೂ ಒಂದೇ ಪಡೆಯಂತೆ!

ಏಕಾಂತಮ್ಮ ಕುಡುಗೋಲು ಹಿಡಿದು ಹೊರಟಿದ್ದಳು. ವಾರ್ತೆ ಕೇಳಲು ಕರೆದೆ.

“ರೇಡಿಯೋದಾಗೆ ನಮ್ಮೋರ ಹೆಸ್ರು ಹೇಳ್ತಾರೇನು ಟೀಚರಮ್ಮ? ನಾನು ಕೇಳ್ತಾ ಕುಂತ್ರೆ ಕೊಯ್ಯೋರ್ಯಾರು?”

೭ ಡಿಸೆಂಬರ್

ಸೀಮೆಎಣ್ಣೆ ಸಿಗುತ್ತಿಲ್ಲ. ಬೆಳಕಿರುವಾಗಲೇ ಊಟ. ಏಕಾಂತಮ್ಮನ ಮಾವ ದೊಡ್ಡತಿಮ್ಮಪ್ಪ ಸೊಂಟ ಹಿಡಿದು ಮಲಗಿದ್ದಾರೆ. ನಮ್ಮ ಕಡೆಗೂ ವಿಮಾನ ಬರುತ್ತದಾ ಎಂದು ಒಂದೇ ಸಮ ಕೇಳುತ್ತಾರೆ.

“ಬಂದ್ರೆ ಬರ್ಲಿ ಬಿಡ್ರಿ ಮಾವ, ಮುದ್ದೆ ಆರ್ತೈತೆ, ಮೊದ್ಲು ಉಣ್ರಿ.”

ಮುದುಕರೂ ನಕ್ಕುಬಿಟ್ಟರು.

೧೩ ಡಿಸೆಂಬರ್, ಸೋಮವಾರ

ಶ್ರೀರಾಂಪುರದಿಂದ ಅಂಚೆಯವನು ಟೆಲಿಗ್ರಾಂ ತಂದ. ಇಂಗ್ಲಿಷು ಓದುವವಳು ನಾನೆಂದು ನೇರ ನಮ್ಮ ಅಂಗಳಕ್ಕೇ. ಅವರೆಕಾಯಿ ಸುಲಿಯುತ್ತಿದ್ದ ಏಕಾಂತಮ್ಮ ಮೊರ ಕೆಳಗಿಟ್ಟು ಎದ್ದು ನಿಂತಳು. ನನ್ನ ಮುಖವನ್ನೇ ನೋಡುತ್ತಿದ್ದಳು.

ಬೋರಕ್ಕನ ಹೆಸರಿಗೆ ಬಂದಿದ್ದು. “ದಾಸಣ್ಣ ಹೋಗಿಬಿಟ್ಟ” ಎಂದೆ.

ಕಂಬ ಹಿಡಿದು ಕುಳಿತಳು. “ನಂದಲ್ಲ ಅಂತ ಒಂದು ಗಳಿಗೆ ಎದೆ ಹಗುರಾತು. ಎಂಥೋಳು ನೋಡ್ರಿ ನಾನು!” ಆಮೇಲೆ ಮುಖ ತೊಳೆದಳು. “ಆಯಮ್ಮಗೆ ಅಂಚೆಯೋನು ಹೇಳಬಾರ್ದು. ನಾನೇ ಹೇಳ್ತೀನಿ. ಹೋಗಾಣ ಬರ್ರಿ.”

ಅಷ್ಟು ವರ್ಷ ತುಳಿಯದ ಮನೆ. ಏಕಾಂತಮ್ಮನನ್ನು ಬಾಗಿಲಲ್ಲಿ ಕಂಡದ್ದೇ ಬೋರಕ್ಕನಿಗೆ ಗೊತ್ತಾಗಿಹೋಯಿತು. ಯಾಕೆ ಬಂದೆ ಅನ್ನಲಿಲ್ಲ… ಇನ್ನು ಬರೆಯಲಾರೆ.

೧೫ ಡಿಸೆಂಬರ್, ಸಂಜೆ

ಮಧ್ಯಾಹ್ನದಿಂದ ಮೋಡ. ಕೊಯ್ದ ರಾಗಿ ಎರಡೂ ಹೊಲದಲ್ಲಿ ಹಾಗೇ ಬಿದ್ದಿತ್ತು. ನೆನೆದರೆ ಮೊಳಕೆ. ಏಕಾಂತಮ್ಮ ಕೇರಿಯ ಹೆಂಗಸರನ್ನೆಲ್ಲ ಹೊರಡಿಸಿದಳು. ನಾನೂ ಹೋದೆ. ತನ್ನ ಹೊಲ ಹಾದು, ಬದು ದಾಟಿ, ಬೋರಕ್ಕನ ಹೊಲಕ್ಕೆ ಇಳಿದಳು!

“ನಿಮ್ಮ ರಾಗಿ?” ಎಂದೆ.

“ನಮ್ದು ನೆಂದ್ರೆ ನಮ್ಮನೆಯೋರು ಬಂದು ಬೈತಾರೆ. ಆಯಮ್ಮಗೆ ಬೈಯಾಕಾದ್ರೂ ಯಾರವ್ರೆ?”

ಹೊರೆ ಕಟ್ಟಿ, ಹೊತ್ತು, ಮೆದೆ ಒಟ್ಟಿ ಮುಚ್ಚಿದೆವು. ನನ್ನ ಅಂಗೈ ತುಂಬ ಬೊಬ್ಬೆ. ಏಕಾಂತಮ್ಮನ ಹೊಲಕ್ಕೆ ಕೈ ಹಾಕುವಷ್ಟರಲ್ಲಿ ಮಳೆ ಹಿಡಿಯಿತು. ಅರ್ಧ ಹೋಯಿತು. ಸೆರಗು ಹಿಂಡಿಕೊಂಡು ಮನೆಗೆ ನಡೆದಳು. ನನ್ನ ವಾರಿಗೆಯವಳು. ಇಂಥ ಹೆಣ್ಣನ್ನು ನಾನು ಕಂಡಿಲ್ಲ.

೧೭ ಡಿಸೆಂಬರ್

ಗೆದ್ದೆವು. ಯುದ್ಧ ನಿಂತಿತು. ಮಕ್ಕಳಿಗೆ ಬೆಲ್ಲ ಹಂಚಿದೆ. ಮಾರಣ್ಣನ ಸುದ್ದಿ ಮಾತ್ರ ಇಲ್ಲ. ಏಕಾಂತಮ್ಮ ಬೋರಕ್ಕನಿಗೆ ದಿನಾ ಊಟ ಒಯ್ಯುತ್ತಾಳೆ. ಉಣಿಸಿಯೇ ಬರುವುದು.

೯ ಜನವರಿ ೧೯೭೨, ಭಾನುವಾರ

ಬಂದ! ಮಾರಣ್ಣ ಹೊಸದುರ್ಗದ ಬಸ್ಸಿನಿಂದ ಇಳಿದ. ಸೊರಗಿದ್ದಾನೆ, ಎಡಗೈಗೆ ಪಟ್ಟಿ. ದೊಡ್ಡತಿಮ್ಮಪ್ಪ ಕೋಲೂರಿಕೊಂಡು ಬಂದು ಹೋ ಎಂದು ಅತ್ತರು. ಏಕಾಂತಮ್ಮ ಕಾಲಿಗೆ ನೀರು ಕೊಟ್ಟಳು. ಆದರೆ ಒಳಗೆ ಬಿಡಲಿಲ್ಲ.

“ಮೊದ್ಲು ಬೋರಕ್ಕನ ತಾವ ಹೋಗಾಣ ಬರ್ರಿ.”

ನಾನೂ ಹಿಂದೆ ಹೋದೆ. ಮಾರಣ್ಣ ತಲೆ ತಗ್ಗಿಸಿ ನಿಂತ. “ಪಕ್ಕದಾಗೇ ಇದ್ದೆ ಬೋರಕ್ಕ… ಉಳಿಸ್ಕಳ್ಳಾಕಾಗ್ಲಿಲ್ಲ.”

ಬೋರಕ್ಕ ಪಟ್ಟಿ ಕಟ್ಟಿದ ಕೈಯನ್ನು ಮೆಲ್ಲಗೆ ಹಿಡಿದು, “ನೋಯ್ತೈತೇನಪ್ಪ?” ಎಂದರು.

ಇಷ್ಟು ದಿನ ಅಳದ ಏಕಾಂತಮ್ಮ ಅಲ್ಲೇ ಗೋಡೆಗೊರಗಿ ಕುಳಿತು ಅತ್ತಳು. ಬೋರಕ್ಕನೇ ಎಬ್ಬಿಸಿದರು.

ಕರೆಯುತ್ತಿದ್ದಾರೆ. ಮಗ ಹೋದಮೇಲೆ ಮೊದಲ ಸಲ ಬೋರಕ್ಕ ಎಲ್ಲರ ಅಡುಗೆಗೆ ಒಲೆ ಹಚ್ಚಿದ್ದಾರಂತೆ, ನಾನೂ ಹೋಗಿ—